ಹೆಬ್ಬೆಟ್ಟಿಲ್ಲದ ಕೆಲಸಗಾರ

ತುರ್ವಿಹಾಳದ ನ್ಯಾಯಬೆಲೆ ಅಂಗಡಿಯಾಗಲಿ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸುತ್ತಿನ ಯಾವ ಹಳ್ಳಿಯ ಅಂಗಡಿಯಾಗಲಿ, ಪಡಿತರ ಹಂಚುವ ದಿನ ಅಲ್ಲಿ ನಡೆಯುವ ವಿಧಿ ವಾಚಕರಿಗೆ ಪರಿಚಿತವಾದುದೇ. ಚೀಲ ಹಿಡಿದು ಬಂದ ಮುದುಕಿಯು ಸೆರಗಿಗೆ ಬೆರಳನ್ನೊರಸಿಕೊಂಡು ಅಂಗೈಯಗಲದ ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟನ್ನೂರುತ್ತಾಳೆ. ಭತ್ತದ ನಾಟಿಯಲ್ಲಿಯೂ ಹತ್ತಿ ಬಿಡಿಸುವುದರಲ್ಲಿಯೂ ಸವೆದುಹೋದ ರೇಖೆಗಳಾದುದರಿಂದ, ಒಂದು ಬೆರಳು ಒಲಿಯದಿದ್ದರೆ ಇನ್ನೊಂದನ್ನು ಒತ್ತುತ್ತಾಳೆ. ಯಂತ್ರವು ಕ್ಷಣಕಾಲ ಸುಮ್ಮನಿದ್ದು, ಒಪ್ಪಿತೆಂದರೆ ಅಕ್ಕಿ ತೂಗುತ್ತಾರೆ, ಇಲ್ಲವಾದರೆ "ಸರ್ವರ್ ಇಲ್ಲಬೇ ಯಮ್ಮಾ, ಸಂಜಿಗಿ ಬಾ" ಎಂಬ ಉತ್ತರ ದೊರೆಯುತ್ತದೆ. ಆ ಕ್ಷಣಕಾಲದೊಳಗೆ ಬೆರಳಿನ ಗುರುತು ಊರನ್ನು ಬಿಟ್ಟು, ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಗಳಿರುವ ಬೆಂಗಳೂರಿಗೋ ಹರಿಯಾಣದ ಮಾನೇಸರಕ್ಕೋ ಹೋಗಿ, ಅಲ್ಲಿನ ದಾಖಲೆಯೊಡನೆ ತಾಳೆಯಾಗಿ, "ಹೌದು" ಅಥವಾ "ಅಲ್ಲ" ಎಂಬ ಒಂದೇ ಮಾತನ್ನು ಹೊತ್ತು ಹಿಂದಿರುಗಿರುತ್ತದೆ.

ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಬಹುಮಂದಿಯ ಗಮನಕ್ಕೆ ಬಾರದಿರುವ ಸಂಗತಿಯೊಂದುಂಟು. ಆ ಮುದುಕಿಯ ಹೆಬ್ಬೆಟ್ಟನ್ನು ಗ್ರಹಿಸುವ ಯಂತ್ರವೂ ತಾನಾರೆಂಬುದನ್ನು ಪ್ರತಿಸಲವೂ ಕೇಂದ್ರಕ್ಕೆ ತೋರಿಸಿಕೊಡಬೇಕಾಗುತ್ತದೆ. ಯಾವನೋ ಒಬ್ಬನು ಹಿಂದೆಂದೋ ಕದ್ದಿಟ್ಟುಕೊಂಡ ಬೆರಳಚ್ಚಿನ ಚಿತ್ರವನ್ನು ಇಂದು ಕಳುಹಿಸಿ ಅಕ್ಕಿಯನ್ನು ಎತ್ತಿಕೊಂಡು ಹೋಗಬಾರದಷ್ಟೆ; ಆದುದರಿಂದ, ನೋಂದಾಯಿತವಾದ ಯಂತ್ರವೇ ಬೆರಳಚ್ಚನ್ನು ಹಿಡಿಯಬೇಕು, ಹಿಡಿದುದನ್ನು ತನ್ನೊಳಗೆ ಅಡಗಿರುವ ಗುಪ್ತ ಸಂಖ್ಯೆಯಿಂದ ಅಂಕಿತಗೊಳಿಸಿಯೇ ಹೊರಕ್ಕೆ ಬಿಡಬೇಕು ಎಂಬ ಕಟ್ಟುಪಾಡು 2017ರಲ್ಲಿ ಬಂದಿತು. ಮುದುಕಿಯ ಪರಿಚಯಕ್ಕೆ ಬೆರಳಿದೆ. ಯಂತ್ರದ ಪರಿಚಯಕ್ಕೆ ಬೆರಳಿಲ್ಲ, ಮುಖವಿಲ್ಲ, ಅದನ್ನು ಹುಟ್ಟಿದಂದಿನಿಂದ ಕಂಡ ನೆರೆಹೊರೆಯವರೂ ಇಲ್ಲ. ಹೀಗಿರಲು, ನಡುರಾತ್ರಿಯಲ್ಲಿ, ಸಂಬಂಧಪಟ್ಟ ಮನುಷ್ಯರೆಲ್ಲ ಮಲಗಿರುವಾಗ, ಒಂದು ತಂತ್ರಾಂಶವು ಮುಂಬಯಿಯ ಗಣಕಾಗಾರದ ಬಾಗಿಲಲ್ಲಿ ನಿಂತು "ಇನ್ನೂ ನಲವತ್ತು ಗಣಕಗಳನ್ನು ಕೊಡಿ, ಹಳೆಯ ಹತ್ತನ್ನು ಅಳಿಸಿಬಿಡಿ" ಎಂದು ಆಜ್ಞಾಪಿಸಿದರೆ, ಒಳಗಿನವರು ಅದರಲ್ಲಿ ಏನನ್ನು ಕಂಡು ನಂಬಬೇಕು?

ಬರೆದಂತೆ ಕಟ್ಟುವ ತಂತ್ರಾಂಶ

ಈ ಪ್ರಶ್ನೆಯ ಗುರುತ್ವ ತಿಳಿಯಬೇಕಾದರೆ ಬಾಗಿಲಲ್ಲಿ ನಿಂತಿರುವವನ ಕಸುಬನ್ನು ಮೊದಲು ಅರಿಯಬೇಕು. ಒಂದು ಸಂಸ್ಥೆಗೆ ಗಣಕಗಳು ಬೇಕಾದರೆ ಅವುಗಳನ್ನು ಕೊಂಡು ತಂದು, ತಂಪುಮಾಡಿದ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ತಂತಿ ಜೋಡಿಸುವ ಕಾಲವೊಂದಿತ್ತು. 2006ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿದ ಮೇಲೆ ಕ್ಲೌಡ್ ಎಂಬ ಈ ವ್ಯವಸ್ಥೆ ಲೋಕವ್ಯಾಪಿಯಾಯಿತು. 2016ರಲ್ಲಿ ಅದರ ಗಣಕಾಗಾರಗಳು ಮುಂಬಯಿಯಲ್ಲಿಯೂ, 2022ರಲ್ಲಿ ರಾಯಚೂರಿಗೆ ಇನ್ನೂ ಹತ್ತಿರವಾದ ಹೈದರಾಬಾದಿನಲ್ಲಿಯೂ ತೆರೆದವು. ಆರಂಭದಲ್ಲಿ ಬಾಡಿಗೆದಾರನು ಪರದೆಯ ಮೇಲೆ ಗುಂಡಿಗಳನ್ನು ಒತ್ತಿ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಿದ್ದನು. ಐದು ಗಣಕಗಳಿಗೆ ಇದು ಸಾಕು. ಐದುನೂರಕ್ಕೆ ಸಾಲದು; ಯಾರು ಯಾವ ಗುಂಡಿಯನ್ನು ಎಂದು ಏಕೆ ಒತ್ತಿದರೆಂಬುದು ಆರು ತಿಂಗಳಾದ ಮೇಲೆ ಒತ್ತಿದವನಿಗೇ ನೆನಪಿರುವುದಿಲ್ಲ.

ಇದಕ್ಕೆ ದೊರೆತ ಪರಿಹಾರ ಬರವಣಿಗೆ. ನಮಗೆ ಎಷ್ಟು ಗಣಕ ಬೇಕು, ಅವುಗಳ ನಡುವೆ ಯಾವ ದಾರಿಗಳಿರಬೇಕು, ಯಾವ ಕಣಜದಲ್ಲಿ ಯಾವ ದಾಖಲೆ ಇರಬೇಕು ಎಂಬುದನ್ನೆಲ್ಲ ಒಂದು ಪಠ್ಯವಾಗಿ ಬರೆದಿಟ್ಟರೆ, ತಂತ್ರಾಂಶವೊಂದು ಅದನ್ನೋದಿ, ಈಗಾಗಲೇ ಇರುವುದರೊಡನೆ ಹೋಲಿಸಿ, ವ್ಯತ್ಯಾಸಗಳ ಪಟ್ಟಿಯನ್ನು ಮುಂದಿಟ್ಟು, ಒಪ್ಪಿಗೆ ದೊರೆತೊಡನೆ ಬರೆದಂತೆ ಕಟ್ಟಿಬಿಡುತ್ತದೆ. ಇಂಥ ಪಠ್ಯವನ್ನು ನಾವು ನಿರ್ಮಾಣಲೇಖವೆಂದು ಕರೆಯೋಣ. ಇದನ್ನೋದಿ ಕಟ್ಟುವ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು ಟೆರಾಫಾರ್ಮ್; ಹ್ಯಾಶಿಕಾರ್ಪ್ ಸಂಸ್ಥೆಯ ಮಿಚೆಲ್ ಹಾಶಿಮೊಟೊ ಮತ್ತು ಅರ್ಮಾನ್ ದಾಡ್ಗರ್ ಎಂಬಿಬ್ಬರು ಇದನ್ನು 2014ರಲ್ಲಿ ಹೊರತಂದರು. ಇಂದು ಬೆಂಗಳೂರಿನ ಯಾವ ತಂತ್ರಾಂಶ ಸಂಸ್ಥೆಗೆ ಹೋದರೂ, ಅಲ್ಲಿ ದುಡಿಯುವ ನಮ್ಮ ಸೀಮೆಯ ಹುಡುಗರ ಬಾಯಲ್ಲಿ 'ಪ್ಲ್ಯಾನ್ ಹಾಕು', 'ಅಪ್ಲೈ ಕೊಡು' ಎಂಬ ಮಾತುಗಳು ಕೇಳಿಬರುತ್ತವೆ. ವ್ಯತ್ಯಾಸಗಳ ಪಟ್ಟಿ ತೆಗೆಯುವುದು ಪ್ಲ್ಯಾನ್; ಅದರಂತೆ ನಡೆಸಿಬಿಡುವುದು ಅಪ್ಲೈ.

ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಬರೆದಂತೆ ಕಟ್ಟಬಲ್ಲವನು ಬರೆದಂತೆ ಕೆಡವಲೂ ಬಲ್ಲನೆಂಬುದು. ಪಠ್ಯದಿಂದ ಒಂದು ಪರಿಚ್ಛೇದವನ್ನು ಅಳಿಸಿ ಅಪ್ಲೈ ಕೊಟ್ಟರೆ, ಆ ಪರಿಚ್ಛೇದವು ವರ್ಣಿಸುತ್ತಿದ್ದ ಗಣಕಗಳೂ ಅವುಗಳೊಳಗಿನ ದಾಖಲೆಗಳೂ ಕಾಣೆಯಾಗುತ್ತವೆ. ಓದುವವನ ಪರಿಚಯಕ್ಕಿಂತ ತಿದ್ದುವವನ ಪರಿಚಯ ಎಷ್ಟೋ ಪಾಲು ಗಟ್ಟಿಯಾಗಿರಬೇಕೆಂಬ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೇರಿಸಿದ 'ಭೂಮಿ' ಯೋಜನೆಯಲ್ಲಿ, ಕೇಂದ್ರಕ್ಕೆ ಬಂದು 15 ರೂಪಾಯಿ ಕಟ್ಟಿದವರಿಗೆಲ್ಲ ಪಹಣಿಯ ಪ್ರತಿ ದೊರೆಯುತ್ತಿತ್ತು. ಆದರೆ ಆ ಪಹಣಿಯಲ್ಲಿ ಒಂದು ಹೆಸರನ್ನು ಬದಲಾಯಿಸಬೇಕಾದರೆ, ಅಧಿಕಾರವುಳ್ಳ ನೌಕರನು ತನ್ನ ಬೆರಳನ್ನು ಯಂತ್ರದ ಮೇಲಿಟ್ಟಲ್ಲದೆ ಸಾಧ್ಯವಿರಲಿಲ್ಲ. 2000ದ ಆಸುಪಾಸಿನಲ್ಲಿ, ಬೆರಳಚ್ಚು ಯಂತ್ರಗಳು ಇನ್ನೂ ಅಪರೂಪವಾಗಿದ್ದಾಗ, ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಹೂಡಿದ ಈ ಏರ್ಪಾಡಿನ ಉದ್ದೇಶ ಸ್ಪಷ್ಟವಾಗಿತ್ತು: ತಿದ್ದಿದವನು ಮುಂದೆ "ನಾನಲ್ಲ" ಎನ್ನಲಾಗಬಾರದು. ಈ ಲೇಖಕನ ಅಭಿಪ್ರಾಯದಲ್ಲಿ, ಆ ಯೋಜನೆಯ ಬಗೆಗೆ ಬಂದ ಪ್ರಶಂಸೆಯಲ್ಲಿ ಬಹುಪಾಲು ಪಹಣಿ ಬೇಗ ಸಿಕ್ಕುದಕ್ಕೆ ಸಂದಿತು. ತಿದ್ದುವ ಕೈಯನ್ನು ಗುರುತಿಸಿದ್ದಕ್ಕೆ ಸಲ್ಲಬೇಕಾದ ಮೆಚ್ಚುಗೆ ಇನ್ನೂ ಬಾಕಿಯುಂಟು.

ಟೆರಾಫಾರ್ಮಿಗಾದರೋ ಕೈಯೇ ಇಲ್ಲ.

ಗುಟ್ಟನ್ನು ಹೇಳದೆ ಬಲ್ಲೆನೆಂದು ತೋರಿಸುವುದು

ಮೊದಲ ತಲೆಮಾರಿನ ಉತ್ತರ ಸರಳವಾದುದು: ತಂತ್ರಾಂಶಕ್ಕೆ ಬೆರಳಿಲ್ಲದಿದ್ದರೇನು, ಒಂದು ಗುಟ್ಟನ್ನು ಕೊಡೋಣ, ಗುಟ್ಟನ್ನು ಬಲ್ಲವನೇ ಅವನೆಂದು ತಿಳಿಯೋಣ. ಅಮೆಜಾನಿನ ಕ್ಲೌಡಿನಲ್ಲಿ ಈ ಕೀಲಿಗೆ ಎರಡು ಭಾಗಗಳು. 20 ಅಕ್ಷರಗಳ ಒಂದು ಹೆಸರು, 40 ಅಕ್ಷರಗಳ ಒಂದು ಗುಟ್ಟು. ಹೆಸರು ಎಲ್ಲರಿಗೂ ತಿಳಿಯಬಹುದು. ಗುಟ್ಟು ತಂತ್ರಾಂಶಕ್ಕೂ ಕ್ಲೌಡಿಗೂ ಮಾತ್ರ.

ಪ್ರತಿ ಕೋರಿಕೆಯೊಡನೆ ಗುಟ್ಟನ್ನೇ ಬರೆದು ಕಳುಹಿಸಿದರೆ ದಾರಿಯಲ್ಲಿ ಕಂಡವರೆಲ್ಲ ಅದನ್ನು ಬಲ್ಲವರಾಗಿಬಿಡುವರು. ಆದುದರಿಂದ ಗುಟ್ಟನ್ನು ಹೇಳದೆಯೇ ಅದನ್ನು ಬಲ್ಲೆನೆಂದು ಸಿದ್ಧಪಡಿಸಬೇಕು. ಇದಕ್ಕೊದಗುವ ಗಣಿತಕ್ರಿಯೆಯನ್ನು ಗಣಕವಿಜ್ಞಾನಿಗಳು ಹ್ಯಾಷ್ ಎನ್ನುತ್ತಾರೆ. ನಾವು ಅರೆತ ಎನ್ನೋಣ. ಎಷ್ಟೇ ಉದ್ದದ ಬರಹವನ್ನು ಹಾಕಿದರೂ ಅರೆತದಿಂದ ಹೊರಬರುವುದು ಒಂದೇ ಅಳತೆಯ ಸಂಖ್ಯೆ. ಇಂದು ಬಳಕೆಯಲ್ಲಿರುವ ರೀತಿಯಲ್ಲಿ ಅದನ್ನು 64 ಚಿಹ್ನೆಗಳಲ್ಲಿ ಬರೆಯಬಹುದು. ಬರಹದಲ್ಲಿ ಒಂದು ಅಕ್ಷರ ಬದಲಾದರೆ ಹೊರಬರುವ ಸಂಖ್ಯೆ ಗುರುತೇ ಸಿಗದಂತೆ ಬದಲಾಗುತ್ತದೆ. ಹೊರಬಂದ ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಬರಹವನ್ನು ಪಡೆಯುವ ಮಾರ್ಗವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಕೋರಿಕೆಯೊಡನೆ ಗುಟ್ಟನ್ನೂ ಬೆರೆಸಿ ಅರೆಯುವ ಕ್ರಮವೊಂದನ್ನು ಮಿಹಿರ್ ಬೆಲ್ಲಾರೆ, ರಾನ್ ಕನೆಟಿ, ಹ್ಯೂಗೊ ಕ್ರಾಚಿಕ್ ಎಂಬ ಮೂವರು 1996ರಲ್ಲಿ ರೂಪಿಸಿದರು. ಅದರ ಫಲವಾಗಿ ಹೊರಬರುವ ಸಂಖ್ಯೆಯೇ ಆ ಕೋರಿಕೆಯ ಅಂಕಿತ. ತಂತ್ರಾಂಶವು ಕೋರಿಕೆಯನ್ನೂ ಅಂಕಿತವನ್ನೂ ಕಳುಹಿಸುತ್ತದೆ. ಕ್ಲೌಡು ತನ್ನಲ್ಲಿರುವ ಗುಟ್ಟಿನಿಂದ ಅದೇ ಅರೆತವನ್ನು ತಾನೂ ನಡೆಸಿ, ಎರಡು ಸಂಖ್ಯೆಗಳೂ ಒಂದೇ ಆದರೆ ಬಾಗಿಲು ತೆರೆಯುತ್ತದೆ.

ಇದನ್ನು ಇನ್ನಷ್ಟು ಹತ್ತಿರದಿಂದ ನೋಡುವುದು ಲಾಭಕರ. ಅಮೆಜಾನಿನವರು ಗುಟ್ಟನ್ನು ನೇರವಾಗಿ ಕೋರಿಕೆಯೊಡನೆ ಅರೆಯುವುದಿಲ್ಲ. ಮೊದಲು ಗುಟ್ಟನ್ನು ಅಂದಿನ ದಿನಾಂಕದೊಡನೆ ಅರೆಯುತ್ತಾರೆ. ಬಂದ ಫಲವನ್ನು ಮುಂಬಯಿಯೋ ಹೈದರಾಬಾದೋ ಎಂಬ ಸ್ಥಳನಾಮದೊಡನೆ. ಅದರ ಫಲವನ್ನು ಯಾವ ಸೇವೆ ಬೇಕಾಗಿದೆಯೋ ಅದರ ಹೆಸರಿನೊಡನೆ. ಕಟ್ಟಕಡೆಗೆ ಒಂದು ನಿಶ್ಚಿತ ಪದದೊಡನೆ. ಹೀಗೆ ನಾಲ್ಕು ಸಲ ಅರೆದು ಬಂದ ಉಪಕೀಲಿಯಿಂದ ಕೋರಿಕೆಗೆ ಅಂಕಿತ ಬೀಳುತ್ತದೆ. ಪರಿಣಾಮವಾಗಿ, ಈ ಹೊತ್ತು ಮುಂಬಯಿಯ ಕಣಜಕ್ಕಾಗಿ ಹುಟ್ಟಿದ ಉಪಕೀಲಿಯು ಕಳ್ಳನ ಕೈಸೇರಿದರೂ ಹೈದರಾಬಾದಿನ ಗಣಕಕ್ಕೆ ನಿರುಪಯುಕ್ತ, ನಾಳೆ ಮುಂಬಯಿಗೂ ನಿರುಪಯುಕ್ತ. ಕೋರಿಕೆಯೊಳಗೆ ಹೊತ್ತು ನಮೂದಾಗಿದ್ದು, ಸಾಮಾನ್ಯವಾಗಿ ಐದು ನಿಮಿಷ ಮೀರಿದರೆ ಅದು ತಿರಸ್ಕೃತವಾಗುತ್ತದೆ. (ಗಣಕದ ಗಡಿಯಾರ ಹತ್ತು ನಿಮಿಷ ಹಿಂದುಳಿದಿದ್ದರೆ ಸರಿಯಾದ ಕೀಲಿಯೂ ಸುಳ್ಳಾಗಿ ಕಾಣುವುದು ಇದರಿಂದಲೇ. ಕೀಲಿಯನ್ನೇ ಮತ್ತೆ ಮತ್ತೆ ಬದಲಾಯಿಸಿ ಬೇಸತ್ತ ಎಳೆಯ ಇಂಜಿನಿಯರನಿಗೆ ಹಿರಿಯನೊಬ್ಬನು ಬಂದು "ಗಡಿಯಾರ ನೋಡಪ್ಪ" ಎಂದಾಗ ಕೋಪ ಬರುವುದು ಸಹಜ.)

ಗುಟ್ಟಿನ ಮನೆ

ಗಣಿತವು ಇಷ್ಟು ಸೊಗಸಾಗಿರುವಾಗ ದೋಷವೆಲ್ಲಿ? ದೋಷವು ಗುಟ್ಟಿನಲ್ಲಿಲ್ಲ, ಗುಟ್ಟನ್ನಿಟ್ಟ ಸ್ಥಳದಲ್ಲಿದೆ. ಉಪಕೀಲಿಗೆ ಆಯುಷ್ಯ ಒಂದು ದಿನವಾದರೂ ಅದರ ತಾಯಿಯಾದ 40 ಅಕ್ಷರಗಳ ಗುಟ್ಟಿಗೆ ಆಯುಷ್ಯದ ಮಿತಿಯಿಲ್ಲ. ಯಾರಾದರೂ ರದ್ದುಮಾಡುವವರೆಗೆ ಅದು ಸಜೀವ. ಅದು ಎಲ್ಲಿಯಾದರೂ ಬರಹವಾಗಿ ಇರಲೇಬೇಕು. ಟೆರಾಫಾರ್ಮ್ ಅದನ್ನು ಹುಡುಕುವ ಕ್ರಮವೂ ಗೊತ್ತುಪಡಿಸಿದ್ದು: ಮೊದಲು ನಿರ್ಮಾಣಲೇಖದಲ್ಲಿಯೇ ಬರೆದಿದೆಯೇ ಎಂದು ನೋಡುತ್ತದೆ, ಅಲ್ಲಿಲ್ಲದಿದ್ದರೆ ಗಣಕದ ಪರಿಸರದಲ್ಲಿ ಗೊತ್ತಾದ ಹೆಸರಿನಿಂದ ಇಟ್ಟಿದ್ದಾರೆಯೇ ಎಂದು, ಅಲ್ಲಿಯೂ ಇಲ್ಲದಿದ್ದರೆ ಬಳಕೆದಾರನ ಕಡತಗಳ ನಡುವೆ ಚುಕ್ಕಿಯಿಂದ ಆರಂಭವಾಗುವ ಹೆಸರಿನ, ಬರಿಗಣ್ಣಿಗೆ ಥಟ್ಟನೆ ಕಾಣದ ಒಂದು ಕೋಶದಲ್ಲಿ, ಎಲ್ಲಿಯೂ ಕಾಣದಿದ್ದರೆ ತಾನು ನಡೆಯುತ್ತಿರುವ ಯಂತ್ರಕ್ಕೇ ಏನಾದರೂ ಅಧಿಕಾರವುಂಟೇ ಎಂದು. ಈ ಕೊನೆಯ ಸ್ಥಾನವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮುಂದೆ ಬರುತ್ತೇವೆ.

ಮೊದಲನೆಯ ಸ್ಥಾನ, ಎಂದರೆ ಲೇಖದಲ್ಲಿಯೇ ಗುಟ್ಟನ್ನು ಬರೆಯುವುದು, ಅತಿ ಸುಲಭವಾದುದರಿಂದ ಅತಿ ಅಪಾಯಕಾರಿಯೂ ಆಗಿದೆ. ನಿರ್ಮಾಣಲೇಖವು ಹತ್ತು ಜನ ಓದಿ ತಿದ್ದಲೆಂದೇ ಇರುವ ಬರಹ. ಅದರ ಪ್ರತಿಯೊಂದು ಹಳೆಯ ಆವೃತ್ತಿಯನ್ನೂ ಗಿಟ್ ಎಂಬ ಕಡತವ್ಯವಸ್ಥೆ ಜೋಪಾನವಾಗಿ ಕಾದಿಡುತ್ತದೆ. ಇಂದು ಬರೆದ ಗುಟ್ಟನ್ನು ನಾಳೆ ಅಳಿಸಿದರೂ ನಿನ್ನೆಯ ಪ್ರತಿಯಲ್ಲಿ ಅದು ಉಳಿದೇ ಇರುತ್ತದೆ. 2016ರಲ್ಲಿ ಊಬರ್ ಸಂಸ್ಥೆಗೆ ಆದುದು ಇಂಥದೇ: ಗಿಟ್ ಕಡತಗಳನ್ನು ಇಟ್ಟುಕೊಡುವ ತಾಣದಲ್ಲಿದ್ದ, ಸಂಸ್ಥೆಯ ಇಂಜಿನಿಯರರ ಖಾಸಗಿ ಗಿಟ್‌ಹಬ್ ಸಂಗ್ರಹದೊಳಕ್ಕೆ ಹೊಕ್ಕವರಿಗೆ ಅಲ್ಲಿಯೇ ಅಮೆಜಾನಿನ ಕೀಲಿ ದೊರೆಯಿತು; ಆ ಕೀಲಿಯಿಂದ 5 ಕೋಟಿ 70 ಲಕ್ಷ ಜನರ ಮಾಹಿತಿ ದೊರೆಯಿತು. ಸಂಸ್ಥೆಯು ಒಂದು ವರ್ಷದವರೆಗೆ ಅದನ್ನು ಮುಚ್ಚಿಟ್ಟು 2017ರ ನವೆಂಬರಿನಲ್ಲಿ ಒಪ್ಪಿಕೊಂಡಿತು.

ಕೋಡ್ ಸ್ಪೇಸಸ್ ಎಂಬ ಸಂಸ್ಥೆಯ ಕಥೆ ಇದಕ್ಕಿಂತ ದಾರುಣವಾದುದು. ಇತರರ ತಂತ್ರಾಂಶಗಳನ್ನು ಕಾಪಾಡಿಕೊಡುವುದೇ ಅದರ ಕಸುಬು. 2014ರ ಜೂನ್ ತಿಂಗಳಲ್ಲಿ ಯಾವನೋ ಒಬ್ಬನಿಗೆ ಅದರ ಕ್ಲೌಡ್ ಖಾತೆಯ ನಿಯಂತ್ರಣ ಸಿಕ್ಕಿ, ಅವನು ಹಣ ಕೇಳಿ, ಸಂಸ್ಥೆಯವರು ಖಾತೆಯನ್ನು ಹಿಂದಕ್ಕೆ ಪಡೆಯಲು ಯತ್ನಿಸುತ್ತಿರುವಂತೆಯೇ ಗಣಕಗಳನ್ನೂ ದಾಖಲೆಗಳನ್ನೂ, ಅವುಗಳಿಗಾಗಿ ಇಟ್ಟಿದ್ದ ಮರುಪ್ರತಿಗಳನ್ನೂ ಅಳಿಸುತ್ತಾ ಹೋದನು. ಅರ್ಧ ದಿನದೊಳಗೆ ಬಹುಪಾಲು ಅಳಿದುಹೋಗಿ, ಸಂಸ್ಥೆಯು ಬಾಗಿಲು ಹಾಕಿತು. ಕಟ್ಟುವ ಅಧಿಕಾರವೂ ಕೆಡಹುವ ಅಧಿಕಾರವೂ ಮರುಪ್ರತಿಯನ್ನು ಅಳಿಸುವ ಅಧಿಕಾರವೂ ಒಂದೇ ಕೈಗೆ ಸಿಕ್ಕುವಂತಿದ್ದುದು ಆ ಸಂಸ್ಥೆಯ ವಿನಾಶಕ್ಕೆ ಕಾರಣವಾಯಿತೆನ್ನಬೇಕು.

ಎಡದಂಡೆ ನಾಲೆಯ ಗೇಟು

ಇದಕ್ಕೆ ಬೇರೆ ದಾರಿಯುಂಟೆ ಎಂಬುದನ್ನು ನಮ್ಮ ಸೀಮೆಯ ನೀರಿನ ಉದಾಹರಣೆಯಿಂದ ಆಲೋಚಿಸೋಣ. ತುಂಗಭದ್ರೆಯ ಎಡದಂಡೆ ನಾಲೆಯು ಮುನಿರಾಬಾದಿನಿಂದ ಹೊರಟು, ಗಂಗಾವತಿ, ಸಿಂಧನೂರು, ಮಾನ್ವಿಗಳ ಸೀಮೆಯನ್ನು ಹಾದು ರಾಯಚೂರಿನವರೆಗೆ 227 ಕಿಲೋಮೀಟರು ಹರಿಯುತ್ತದೆ. 69ನೇ ಮೈಲಿನ ಗೇಜಿನಲ್ಲಿ ಎಷ್ಟಡಿ ನೀರಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂಬುದು ಇಲ್ಲಿಯ ಚಹದಂಗಡಿಗಳಲ್ಲಿ ರಾಜಕೀಯಕ್ಕಿಂತ ಮೊದಲು ಚರ್ಚೆಗೆ ಬರುವ ವಿಷಯ. ಮೇಲ್ಭಾಗದಲ್ಲಿ ಒಂದು ಉಪಕಾಲುವೆಯ ಗೇಟು ಹೊತ್ತಲ್ಲದ ಹೊತ್ತಿನಲ್ಲಿ ಎದ್ದಿತೆಂದರೆ ಕೊನೆಭಾಗದ ಭತ್ತ ತೆನೆ ಕಟ್ಟುವ ಮೊದಲೇ ಬಾಡುತ್ತದೆ. ಆದುದರಿಂದಲೇ ನೀರು ಕಡಮೆಯಾದ ವರ್ಷ 'ಆನ್ ಅಂಡ್ ಆಫ್' ಎಂಬ ಸರದಿಯೂ, ನಾಲೆಯುದ್ದಕ್ಕೂ ನಿಷೇಧಾಜ್ಞೆಯೂ ಬರುತ್ತವೆ.

ಇಂಥ ಒಂದು ಗೇಟಿಗೆ ಬೀಗವಿದ್ದು, ಬೀಗದ ಕೈ ಒಬ್ಬನಲ್ಲಿ ಸದಾಕಾಲವೂ ಇರುವುದೆಂದು ಭಾವಿಸೋಣ. ಅವನು ಎಷ್ಟೇ ಪ್ರಾಮಾಣಿಕನಾದರೂ, ಅವನು ಮಲಗಿರುವಾಗ ಕೈಯನ್ನು ಎತ್ತಿಕೊಂಡು ಹೋಗಿ ನಕಲು ಮಾಡಿಸಿದವನು ಅಂದಿನಿಂದ ಆ ಗೇಟಿಗೆ ಒಡೆಯನೇ ಸರಿ. ಗೇಟಿಗೆ ಕೈಯ ಪರಿಚಯವುಂಟು, ಹಿಡಿದವನ ಪರಿಚಯವಿಲ್ಲ. ಇದಕ್ಕೆ ಬದಲಾಗಿ ಯಾರಲ್ಲಿಯೂ ಖಾಯಂ ಕೈಯೇ ಇಲ್ಲವೆಂದಿಟ್ಟುಕೊಳ್ಳಿ. ಸೆಕ್ಷನ್ ಕಚೇರಿಯವರು ಅಂದು ಬೆಳಗ್ಗೆ ತಾವೇ ಕೆಲಸಕ್ಕೆ ಕಳುಹಿಸಿದ ಗ್ಯಾಂಗ್‌ಮನ್ನನ ಕೈಯಲ್ಲಿ ಒಂದು ಚೀಟಿ ಕೊಡುತ್ತಾರೆ: ಇವನು ನಮ್ಮವನು, ಇಂಥ ಉಪಕಾಲುವೆಯ ಕೆಲಸದ ಮೇಲೆ ಇದ್ದಾನೆ, ಈ ಚೀಟಿ ಇಂಥ ಗೇಟಿನ ಕಾವಲಿನವರಿಗಾಗಿ ಬರೆದದ್ದು, ಇಂದು ಹತ್ತು ಗಂಟೆಯವರೆಗೆ ಮಾತ್ರ ಸಲ್ಲತಕ್ಕದ್ದು. ಗೇಟಿನ ಕಾವಲಿನವರು ಕಚೇರಿಯ ರುಜುವನ್ನು ಪರೀಕ್ಷಿಸಿ, ತಮ್ಮ ಪುಸ್ತಕದಲ್ಲಿ ಆ ಉಪಕಾಲುವೆಯವರಿಗೆ ಏನೇನು ಅನುಮತಿಯಿದೆಯೆಂದು ನೋಡಿ, ಮಧ್ಯಾಹ್ನದೊಳಗೆ ತಾನಾಗಿಯೇ ನಿರರ್ಥಕವಾಗುವ ಒಂದು ರಹದಾರಿಯನ್ನು ಕೊಡುತ್ತಾರೆ. ಗ್ಯಾಂಗ್‌ಮನ್ನನಲ್ಲಿ ಕದಿಯತಕ್ಕ ವಸ್ತುವೇ ಇಲ್ಲ; ಇದ್ದರೂ ಅದು ಸಂಜೆಗೆ ಕಾಗದವಷ್ಟೆ.

ಪರಿಚಯಪತ್ರವೂ ರಹದಾರಿಯೂ

ಈಗ ತಂತ್ರಾಂಶಕ್ಕೆ ಹಿಂದಿರುಗೋಣ. ನಿರ್ಮಾಣಲೇಖವು ಗಿಟ್‌ಹಬ್‌ನಂಥ ಒಂದು ಕಾರ್ಯಾಗಾರದಲ್ಲಿ ಇರುತ್ತದೆ. ಅದರಲ್ಲಿ ತಿದ್ದುಪಡಿಯಾದೊಡನೆ ಕಾರ್ಯಾಗಾರವು ತಾನೇ ಒಂದು ತಾತ್ಕಾಲಿಕ ಗಣಕವನ್ನು ಹುಟ್ಟಿಸಿ, ಅದರಲ್ಲಿ ಟೆರಾಫಾರ್ಮನ್ನು ಓಡಿಸಿ, ಕೆಲಸ ಮುಗಿದ ಮೇಲೆ ಗಣಕವನ್ನು ಅಳಿಸಿಬಿಡುತ್ತದೆ. ಇಡೀ ಉಪಾಯದ ಮರ್ಮ ಇಲ್ಲಿಯೇ ಇದೆ: ಆ ಗಣಕವು ಯಾರು, ಯಾವ ಸಂಗ್ರಹದ ಯಾವ ಕವಲಿನ, ಎಂದರೆ ಲೇಖದ ಯಾವ ಸಮಾನಾಂತರ ಪ್ರತಿಯ, ಕೆಲಸಕ್ಕಾಗಿ ಹುಟ್ಟಿತು ಎಂಬುದು ಅದನ್ನು ಹುಟ್ಟಿಸಿದ ಕಾರ್ಯಾಗಾರಕ್ಕೆ ನಿಸ್ಸಂದೇಹವಾಗಿ ಗೊತ್ತು. ಗಣಕವು ತನ್ನ ಪರಿಚಯವನ್ನು ತಾನು ಹೇಳಿಕೊಳ್ಳಬೇಕಾದುದೇ ಇಲ್ಲ, ಹುಟ್ಟಿಸಿದವನೇ ಹೇಳಿದರಾಯಿತು.

ಕಾರ್ಯಾಗಾರವು ಆ ಗಣಕಕ್ಕೆ ಒಂದು ಪರಿಚಯಪತ್ರವನ್ನು ಬರೆದುಕೊಡುತ್ತದೆ. ಇದನ್ನು ಟೋಕನ್ ಎನ್ನುವುದು ವಾಡಿಕೆ. ಅದನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ಕಾಣುವುದು ಇಷ್ಟು: ಬರೆದುಕೊಟ್ಟವರಾರು, ಯಾರ ವಿಷಯವಾಗಿ, ಎಂದರೆ ಯಾವ ಸಂಗ್ರಹದ ಯಾವ ಕವಲು, ಯಾರು ಓದಬೇಕೆಂದು, ಎಂದರೆ ಇಂಥ ಕ್ಲೌಡಿನ ರಹದಾರಿ ಕಚೇರಿ, ಎಷ್ಟು ಹೊತ್ತಿನವರೆಗೆ. ಕೊನೆಯಲ್ಲಿ ಒಂದು ಅಂಕಿತ. ಈ ಅಂಕಿತ ಹಿಂದೆ ವರ್ಣಿಸಿದ ಅಂಕಿತದಂಥದಲ್ಲ. ಅಲ್ಲಿ ಎರಡು ಪಕ್ಷಗಳಿಗೂ ಒಂದೇ ಗುಟ್ಟು ಬೇಕಾಗಿತ್ತು, ಇಲ್ಲಿ ಬೇಕಾಗಿಲ್ಲ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಸೂಚಿಸಿದ, ಮರುವರ್ಷ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ಮಸಾಚುಸೆಟ್ಸಿನಲ್ಲಿ ಸಾಧಿಸಿ ತೋರಿಸಿದ ಕ್ರಮದಲ್ಲಿ, ಸಂಖ್ಯೆಗಳು ಜೋಡಿಯಾಗಿ ಹುಟ್ಟುತ್ತವೆ. ಒಂದರಿಂದ ಅಂಕಿತ ಹಾಕಬಹುದು, ಇನ್ನೊಂದರಿಂದ ಆ ಅಂಕಿತವನ್ನು ಪರೀಕ್ಷಿಸಬಹುದು, ಆದರೆ ಪರೀಕ್ಷಿಸುವ ಸಂಖ್ಯೆಯಿಂದ ಅಂಕಿತ ಹಾಕುವುದಾಗಲಿ, ಅದರಿಂದ ಜೊತೆಯ ಸಂಖ್ಯೆಯನ್ನು ಕಂಡುಹಿಡಿಯುವುದಾಗಲಿ ಕಾರ್ಯತಃ ಅಸಾಧ್ಯ. ಕಾರ್ಯಾಗಾರವು ಮೊದಲನೆಯದನ್ನು ತನ್ನೊಳಗೇ ಬಚ್ಚಿಟ್ಟು ಎರಡನೆಯದನ್ನು ಜಗತ್ತಿಗೆಲ್ಲ ಕಾಣುವಂತೆ ಪ್ರಕಟಿಸುತ್ತದೆ. ಕ್ಲೌಡು ಪ್ರಕಟವಾದ ಸಂಖ್ಯೆಯನ್ನು ತರಿಸಿಕೊಂಡು ಪರಿಚಯಪತ್ರವನ್ನು ಪರೀಕ್ಷಿಸುತ್ತದೆ. ಎರಡು ಸಂಸ್ಥೆಗಳ ನಡುವೆ ಒಂದು ಗುಟ್ಟೂ ಹಂಚಿಕೆಯಾಗದೆ ನಂಬಿಕೆ ಏರ್ಪಡುತ್ತದೆ.

ಪತ್ರ ಸರಿಯಾಗಿದ್ದರೆ ಕ್ಲೌಡು ತಾನು ಹಿಂದೆಯೇ ಬರೆದಿಟ್ಟಿರುವ ಷರತ್ತುಗಳನ್ನು ನೋಡುತ್ತದೆ. "ಇಂಥ ಕಾರ್ಯಾಗಾರದ, ಇಂಥ ಸಂಗ್ರಹದ, ಮುಖ್ಯ ಕವಲಿನಿಂದ ಬಂದವನು ಇಂಥ ಪಾತ್ರವನ್ನು ವಹಿಸಬಹುದು, ಆ ಪಾತ್ರಕ್ಕೆ ಇಂತಿಂಥ ಅಧಿಕಾರ" ಎಂಬುದು ಷರತ್ತಿನ ಒಕ್ಕಣೆ. ನೀನು ಯಾರೆಂಬುದು ಒಂದು ಪ್ರಶ್ನೆ, ನೀನೇನು ಮಾಡಬಹುದೆಂಬುದು ಬೇರೆಯೇ ಪ್ರಶ್ನೆ; ಇವೆರಡನ್ನೂ ಇಲ್ಲಿ ಬೇರೆಬೇರೆ ಸ್ಥಳಗಳಲ್ಲಿ ಬಗೆಹರಿಸಲಾಗುತ್ತದೆ. ಷರತ್ತು ಹೊಂದಿದರೆ ಒಂದು ಅಲ್ಪಾಯುಷಿ ರಹದಾರಿ ದೊರೆಯುತ್ತದೆ. ಅಮೆಜಾನಿನಲ್ಲಿ ಅದರ ಆಯುಷ್ಯವನ್ನು 15 ನಿಮಿಷದಿಂದ 12 ಗಂಟೆಯವರೆಗೆ ಗೊತ್ತುಪಡಿಸಬಹುದು, ಏನನ್ನೂ ಹೇಳದಿದ್ದರೆ ಒಂದು ಗಂಟೆ. ಅಲ್ಲಿಂದ ಮುಂದೆ ನಡೆಯುವುದು ಹಳೆಯ ಅರೆತವೇ. ಖಾಯಂ ಗುಟ್ಟಿನ ಸ್ಥಾನದಲ್ಲಿ ಈ ಒಂದು ಗಂಟೆಯ ಗುಟ್ಟು ಕುಳಿತಿರುತ್ತದೆ, ಅಷ್ಟೇ ವ್ಯತ್ಯಾಸ. ಗಿಟ್‌ಹಬ್‌ನವರು ಈ ಏರ್ಪಾಡನ್ನು 2021ರಲ್ಲಿ ತೆರೆದರು. ಇದನ್ನು ಬಳಸುವವರ ನಿರ್ಮಾಣಲೇಖದಲ್ಲಿ ಉಳಿಯುವುದು ಸ್ಥಳದ ಹೆಸರೂ ಪಾತ್ರದ ಹೆಸರೂ ಮಾತ್ರ. ಅದನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದರೂ ಕಳ್ಳನಿಗೆ ಬಾಗಿಲು ತೆರೆಯದು.

ಕ್ಲೌಡಿನ ಒಳಗೇ ಇರುವ ಗಣಕದಲ್ಲಿ ಟೆರಾಫಾರ್ಮ್ ನಡೆಯುತ್ತಿದ್ದರೆ ಕೆಲಸ ಇನ್ನೂ ಸುಲಭ. ಅಲ್ಲಿ ಹುಟ್ಟಿಸಿದವನೂ ಬಾಗಿಲು ಕಾಯುವವನೂ ಒಬ್ಬನೇ. ಗಣಕವು 169.254.169.254 ಎಂಬ, ತನ್ನೊಳಗಿನಿಂದ ಮಾತ್ರ ತಲಪಬಹುದಾದ ವಿಳಾಸವೊಂದನ್ನು ಕೇಳಿದರೆ ಸಾಕು, ಅದಕ್ಕೆ ಸಲ್ಲತಕ್ಕ ರಹದಾರಿ ಬರುತ್ತದೆ. ಟೆರಾಫಾರ್ಮ್ ಹುಡುಕುವ ಕೊನೆಯ ಸ್ಥಾನವೆಂದು ಹಿಂದೆ ಹೇಳಿದ್ದು ಇದನ್ನೇ.

ಒಂದು ನಕ್ಷತ್ರಚಿಹ್ನೆ

ಗುಟ್ಟನ್ನು ತೆಗೆದುಹಾಕಿದ ಮಾತ್ರಕ್ಕೆ ಅಪಾಯ ಹೋಯಿತೆಂದು ತಿಳಿಯುವವರು ಎರಡು ಸಂಗತಿಗಳನ್ನು ಅರಿಯಬೇಕು. ಅಪಾಯವು ಗುಟ್ಟಿನಿಂದ ಷರತ್ತಿಗೆ ವರ್ಗವಾಗಿದೆ. ಯಾವ ಸಂಗ್ರಹ, ಯಾವ ಕವಲು ಎಂಬಲ್ಲಿ ಹೆಸರನ್ನು ಬರೆಯುವ ಬದಲು 'ಯಾವುದಾದರೂ' ಎಂಬರ್ಥದ ನಕ್ಷತ್ರಚಿಹ್ನೆಯೊಂದನ್ನು ಹಾಕಿಬಿಟ್ಟರೆ, ಅಥವಾ ಆ ಸಾಲನ್ನೇ ಮರೆತರೆ, ಪರಿಚಯಪತ್ರವು ನಿಜವೇ ಆಗಿರುತ್ತದೆ, ಅಂಕಿತವೂ ನಿಜವೇ. ಆದರೆ ಲೋಕದಲ್ಲಿ ಆ ಕಾರ್ಯಾಗಾರದ ಖಾತೆಯುಳ್ಳ ಯಾವನಾದರೂ ತನ್ನ ಸಂಗ್ರಹದಿಂದ ನಿಜವಾದ ಪರಿಚಯಪತ್ರವನ್ನೇ ತಂದು ನಿಮ್ಮ ಗಣಕಗಳನ್ನು ಅಳಿಸಬಹುದು. ಕದಿಯುವವನು ಸುಳ್ಳು ಹೇಳಬೇಕಾದ ಅಗತ್ಯವೂ ಇಲ್ಲ. ಅವಸರದಲ್ಲಿ "ಮೊದಲು ನಡೆಯಲಿ, ಆಮೇಲೆ ಬಿಗಿ ಮಾಡೋಣ" ಎಂದು ಹಾಕಿದ ನಕ್ಷತ್ರಚಿಹ್ನೆಗಳು ಆಮೇಲೆ ತೆಗೆಯಲ್ಪಡುವುದು ಅಪೂರ್ವ; ಕೆಲಸ ನಡೆಯುತ್ತಿರುವ ಸಾಲನ್ನು ಮುಟ್ಟಲು ಯಾರಿಗೂ ಧೈರ್ಯ ಬಾರದು.

ಎರಡನೆಯದು ಒಳವಿಳಾಸಕ್ಕೆ ಸಂಬಂಧಿಸಿದುದು. ಹೊರಗಿನವನು ಆ ವಿಳಾಸವನ್ನು ನೇರವಾಗಿ ತಲಪಲಾರನು, ನಿಜ. ಆದರೆ ಒಳಗಿರುವ ಒಂದು ತಂತ್ರಾಂಶವನ್ನು ಮರುಳುಮಾಡಿ ಅದರ ಬಾಯಿಂದಲೇ ಕೇಳಿಸಬಲ್ಲನು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ತಪ್ಪಾಗಿ ಹೊಂದಿಸಿದ ರಕ್ಷಣಾ ತಂತ್ರಾಂಶವೊಂದರ ಮೂಲಕ ಹೀಗೆಯೇ ರಹದಾರಿಯನ್ನು ಹೊರತಂದು, ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿಯನ್ನು ಎತ್ತಲಾಯಿತು. ರಹದಾರಿ ಅಲ್ಪಾಯುಷಿಯೇ ಆಗಿತ್ತು. ಆದರೆ ಆ ರಕ್ಷಣಾ ತಂತ್ರಾಂಶಕ್ಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಅಧಿಕಾರ ಅದರಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅಮೆಜಾನ್, ಆ ವಿಳಾಸವು ಒಂದೇ ಪ್ರಶ್ನೆಗೆ ಉತ್ತರಿಸದೆ ಮೊದಲು ಒಂದು ಒಳಪತ್ರವನ್ನು ಪಡೆದು ಮರಳಿ ಕೇಳಬೇಕೆಂಬ ಹೊಸ ಕ್ರಮವನ್ನು ತಂದಿತು.

ಹುಟ್ಟಿಸಿದವನನ್ನು ನಂಬುವುದೇಕೆ

ಇಲ್ಲಿ ಜಾಣ ವಾಚಕನು ಆಕ್ಷೇಪವೆತ್ತಬಹುದು: ಗಣಕದ ಪರಿಚಯವನ್ನು ಕಾರ್ಯಾಗಾರ ಹೇಳಿತು; ಕಾರ್ಯಾಗಾರವನ್ನು ನಂಬಬೇಕೆಂದು ಹೇಳಿದವರಾರು? ಅದನ್ನು ಕ್ಲೌಡಿನ ಖಾತೆಯಲ್ಲಿ ಬರೆದವನು ಒಬ್ಬ ಮನುಷ್ಯ. ಮೊಟ್ಟಮೊದಲ ಪಾತ್ರವನ್ನೂ ಮೊಟ್ಟಮೊದಲ ಷರತ್ತನ್ನೂ ಟೆರಾಫಾರ್ಮ್ ತಾನೇ ಬರೆದುಕೊಳ್ಳಲಾರದು, ಏಕೆಂದರೆ ಬರೆಯುವ ಅಧಿಕಾರ ಅದಕ್ಕಿನ್ನೂ ದೊರೆತಿರುವುದಿಲ್ಲ. ಆದುದರಿಂದ ಆರಂಭದಲ್ಲಿ ಒಂದು ಸಲ ಖಾತೆಯ ಒಡೆಯನೇ ಕುಳಿತು, ತನ್ನ ಗುಪ್ತಪದದೊಡನೆ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆಯನ್ನೂ ಕೊಟ್ಟು ಒಳಹೊಕ್ಕು, ಆ ಕೆಲವು ಸಾಲುಗಳನ್ನು ಕೈಯಾರೆ ಬರೆಯಬೇಕು. (ಆ ಆರಂಕಿಯೂ ನಮ್ಮ ಹಳೆಯ ಅರೆತವೇ, ಮೊಬೈಲಿಗೂ ಕ್ಲೌಡಿಗೂ ತಿಳಿದ ಗುಟ್ಟೊಂದನ್ನು ಆ ಹೊತ್ತಿನ ಗಡಿಯಾರದೊಡನೆ ಅರೆದು ಬಂದ ಫಲದ ಒಂದು ತುಣುಕು.) ಅನಂತರ ಒಡೆಯನ ಆ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸದಿರುವುದು ಲೇಸು.

ಆ ಮೊದಲ ಸಾಲುಗಳನ್ನು ಬರೆಯುವಾಗಲೇ ಒಂದರ ಬದಲು ಎರಡು ಪಾತ್ರಗಳನ್ನು ಮಾಡಿಡುವುದು ಈಚಿನ ಪದ್ಧತಿ. ತಿದ್ದುಪಡಿಯೊಂದು ಇನ್ನೂ ಸಲಹೆಯ ಹಂತದಲ್ಲಿರುವಾಗ, ಅದನ್ನು ಬರೆದವನು ನಿನ್ನೆ ಕೆಲಸಕ್ಕೆ ಸೇರಿದವನೇ ಆಗಿರಲಿ, ಆ ಸಂಗ್ರಹದ ಯಾವ ಕವಲಿನಿಂದ ಬಂದ ಪರಿಚಯಪತ್ರಕ್ಕೂ ಪ್ಲ್ಯಾನಿನ ಪಾತ್ರ ದೊರೆಯುತ್ತದೆ. ಆ ಪಾತ್ರಕ್ಕೆ ನೋಡುವ ಅಧಿಕಾರವುಂಟು, ಕಟ್ಟುವುದೂ ಕೆಡಹುವುದೂ ಇಲ್ಲ. ಬೇರೊಬ್ಬನು ಆ ವ್ಯತ್ಯಾಸಗಳ ಪಟ್ಟಿಯನ್ನೋದಿ ಒಪ್ಪಿ, ತಿದ್ದುಪಡಿಯು ಮುಖ್ಯ ಕವಲಿಗೆ ಸೇರಿದ ಮೇಲೆಯೇ ಹುಟ್ಟುವ ಪರಿಚಯಪತ್ರದಲ್ಲಿ 'ಮುಖ್ಯ ಕವಲು' ಎಂಬ ಮಾತು ಬರುತ್ತದೆ. ಅಪ್ಲೈಯ ಪಾತ್ರವು ಆ ಮಾತನ್ನು ಕಂಡಲ್ಲದೆ ಒಲಿಯುವುದಿಲ್ಲ. ಮರುಪ್ರತಿಗಳನ್ನು ಅಳಿಸುವ ಅಧಿಕಾರವನ್ನು ಈ ಎರಡು ಪಾತ್ರಗಳಲ್ಲಿ ಯಾವುದಕ್ಕೂ ಕೊಡದೆ, ಬೇರೆಯದೇ ಒಂದು ಖಾತೆಯಲ್ಲಿ, ಬೇರೆಯವರ ಕೈಯಲ್ಲಿ ಇಡುತ್ತಾರೆ.